ಏಳು ತಂತಿಯ ಚೌಡಯ್ಯ

ಚೌಡಯ್ಯ ಹಾಲ್‌ಗೆ ನಾಟಕ ನೋಡೋಕೆ ಮಲ್ಲತ್ತಹಳ್ಳಿಯಿಂದ ನಾವೆಲ್ಲಾ ಹೋಗಿದ್ದೀವಿ. ಆ ಪಿಟೀಲಿನಾಕಾರದ ಕಟ್ಟಡದಲ್ಲಿ ಎಷ್ಟು ತಂತಿ ಇದೆ ಅಂತ ಎಣಿಸಿದವರು ಮಾತ್ರ ಕಡಿಮೆ. ಏಳು! ಮಾಮೂಲಿ ಪಿಟೀಲಿಗೆ ಇರೋದು ನಾಲ್ಕೇ. ಉಳಿದ ಮೂರು ಎಲ್ಲಿಂದ ಬಂದ್ವು?

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಮತ್ತು ಕಪಿಲಾ ಸೇರುವ ತಿರುಮಕೂಡಲಿನಲ್ಲಿ. 1910ರಲ್ಲಿ ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ವರ್ಷಗಟ್ಟಲೆ ಸಾಧನೆ ಮಾಡಿ, ಗುರುಗಳ ಹಾಡಿಗೇ ಪಕ್ಕವಾದ್ಯ ನುಡಿಸುವ ಮಟ್ಟಕ್ಕೆ ಬಂದರು.

ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ದೊಡ್ಡ ಸಭೆಯಲ್ಲಿ ಪಿಟೀಲಿನ ದನಿ ಹಿಂದೆ ಕೂತವರಿಗೆ ಸರಿಯಾಗಿ ಕೇಳಿಸ್ತಿರಲಿಲ್ಲ. 1927ರ ಹೊತ್ತಿಗೆ ಚೌಡಯ್ಯನವರು ವಾದ್ಯದಲ್ಲೇ ಇದಕ್ಕೆ ಪರಿಹಾರ ಹುಡುಕಿದರು. ಇನ್ನೂ ಮೂರು ತಂತಿ ಕಟ್ಟಿದರು. ಒಂದೇ ಸ್ವರ ಜೋಡಿ ತಂತಿಯಲ್ಲಿ ಮೊಳಗಿದಾಗ ನಾದ ತುಂಬಿಕೊಳ್ತು.

ಹೇಳೋಕೆ ಸುಲಭ. ಆದ್ರೆ ತಂತಿ ಹೆಚ್ಚಾದಷ್ಟೂ ಕುದುರೆಯ ಮೇಲೆ ಭಾರ ಹೆಚ್ಚು. ಒಂದೇ ಬೆರಳು ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದ್ರೂ ಅಪಸ್ವರ, ಅದೂ ತುಂಬಿದ ಸಭೆಯ ಮುಂದೆ. ನಾಲ್ಕು ತಂತಿಯಲ್ಲಿ ಪಳಗಿದ ಕೈಯನ್ನು ಅವರು ಮತ್ತೆ ಹೊಸದಾಗಿ ಪಳಗಿಸಬೇಕಾಯ್ತು.

ಆ ಕಾಲಕ್ಕೇ ಅಮೆರಿಕದ ಗಿಟಾರ್ ವಾದಕರಿಗೂ ಇದೇ ತಲೆನೋವು. ಬ್ಯಾಂಡ್‌ನ ಗದ್ದಲದಲ್ಲಿ ಗಿಟಾರ್ ಮುಳುಗಿಹೋಗ್ತಿತ್ತು. 1931ರಲ್ಲಿ ಜಾರ್ಜ್ ಬೀಚಂ ಆಯಸ್ಕಾಂತಕ್ಕೆ ತಾಮ್ರದ ಸುರುಳಿ ಜೋಡಿಸಿ ಎಲೆಕ್ಟ್ರಿಕ್ ಗಿಟಾರ್‌ಗೆ ದಾರಿ ಮಾಡಿದರು. ಗೆಳೆಯನ ಮನೆ ಶೆಡ್‌ನಲ್ಲಿ ನಾವು ಮಾಡ್ತಿರೋ ಗಿಟಾರ್‌ನ ಪಿಕಪ್ ಕೂಡ ಅದೇ ತತ್ವದ್ದು: ಉಕ್ಕಿನ ತಂತಿ ನಡುಗಿದ್ರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತೆ. ನಾಬ್ ತಿರುಗಿಸಿದ್ರೆ ಸಾಕು. ಚೌಡಯ್ಯನವರಿಗೆ ತಿರುಗಿಸೋಕೆ ನಾಬ್ ಇರಲಿಲ್ಲ. ಬೇಕಾದ ಸದ್ದನ್ನೆಲ್ಲಾ ತಂತಿ, ಮರ, ಕಮಾನಿನಿಂದಲೇ ತೆಗೀಬೇಕಿತ್ತು.

ಅರಿಯಾಕುಡಿ, ಚೆಂಬೈ ಅವರಂಥ ದಿಗ್ಗಜರ ಪಕ್ಕದಲ್ಲಿ ಆ ಏಳು ತಂತಿ ಮೊಳಗಿತು. 1939ರಲ್ಲಿ ಚೌಡಯ್ಯನವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. ತ್ರಿಮಕುಟ ಅನ್ನೋ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು.

ಅಷ್ಟರಲ್ಲಿ ಸಭೆಗಳಿಗೆ ಮೈಕ್ ಬಂದಾಗಿತ್ತು. ಲೆಕ್ಕದ ಪ್ರಕಾರ ಹೆಚ್ಚುವರಿ ತಂತಿಗಳ ಕೆಲಸ ಅಲ್ಲಿಗೆ ಮುಗೀತು. ಆದ್ರೂ ಅವರು ಏಳು ತಂತಿ ಬಿಡಲಿಲ್ಲ. ಸದ್ದಿಗೋಸ್ಕರ ಕಟ್ಟಿದ ತಂತಿಗಳು ಅಷ್ಟು ವರ್ಷಗಳಲ್ಲಿ ಅವರದೇ ದನಿಯಾಗಿಬಿಟ್ಟಿದ್ವು. 1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು.