ಗಿಟಾರ್ ನುಡಿಸಲು ಬಾರದ ಗಿಟಾರ್ ತಯಾರಕ: ಲಿಯೋ ಫೆಂಡರ್

ಎರಡು ಕೊಂಬಿನಂತೆ ಚಾಚಿದ ಮರದ ದೇಹ, ಅದರ ಮೇಲೆ ಬಿಳಿಯ ಪ್ಲಾಸ್ಟಿಕ್ ಹಲಗೆ, ತಂತಿಗಳ ಕೆಳಗೆ ಮೂರು ಸಣ್ಣ ಪಟ್ಟಿಗಳು. ಈ ಗಿಟಾರಿನ ಚಿತ್ರವನ್ನು ಟೀ ಶರ್ಟಿನ ಮೇಲೋ, ನೋಟ್ ಪುಸ್ತಕದ ರಟ್ಟಿನ ಮೇಲೋ, ಊರಿನ ಆರ್ಕೆಸ್ಟ್ರಾದ ವೇದಿಕೆಯಲ್ಲೋ ನೋಡದವರು ನಮ್ಮಲ್ಲಿ ಕಡಿಮೆ. ಅದರ ಹೆಸರು ಸ್ಟ್ರಾಟೋಕಾಸ್ಟರ್. 1954ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಎಂಬ ಊರಿನಲ್ಲಿ ಅದು ತಯಾರಾಯಿತು. ತಯಾರಿಸಿದವರು ಲಿಯೋ ಫೆಂಡರ್. ಅವರು ಎಂಜಿನಿಯರಿಂಗ್ ಪದವೀಧರರಲ್ಲ. ಕಾಲೇಜಿನಲ್ಲಿ ಓದಿದ್ದು ಅಕೌಂಟ್ಸ್, ಅಂಗಡಿ ಹಾಕಿ ಬದುಕಿದ್ದು ರೇಡಿಯೋ ರಿಪೇರಿಯಿಂದ. ಗಿಟಾರ್ ನುಡಿಸಲು ಅವರು ಕೊನೆಯವರೆಗೂ ಕಲಿಯಲಿಲ್ಲ.

ನಾನು ದ್ವಿತೀಯ ಪಿಯುಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿ. ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆಗೆ ನಾನು ಹೋಗುವುದಿಲ್ಲ. ನಾನು ಬರೆಯುತ್ತಿರುವುದು ಒಬ್ಬ ಕೈಕೆಲಸಗಾರನ ಬಗ್ಗೆ. ನಮ್ಮಲ್ಲಿ ಹಲವರ ಅಬ್ಬಾ, ಚಾಚಾ, ಮಾಮು ಗ್ಯಾರೇಜು, ಮೋಟಾರ್ ರೀವೈಂಡಿಂಗ್, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ದುಡಿದೇ ನಮ್ಮ ಫೀಸು ಕಟ್ಟುತ್ತಾರೆ. ಆದರೂ ಓದದಿದ್ದರೆ ಗ್ಯಾರೇಜಿಗೆ ಸೇರಿಸುತ್ತೇವೆ ಎಂದು ಹೆದರಿಸುವವರೂ ಅವರೇ. ರಿಪೇರಿ ಎಂದರೆ ಓದಿನಲ್ಲಿ ಸೋತವರ ಕೆಲಸ ಎಂಬ ಈ ನಂಬಿಕೆಗೆ ಫೆಂಡರ್ ಅವರ ಬದುಕು ಒಳ್ಳೆಯ ಉತ್ತರ ಎಂದು ನನಗೆ ಅನ್ನಿಸಿದೆ.

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು. ತಂದೆ ತಾಯಿ ಅನಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವೆ ಕಿತ್ತಳೆ ತೋಟ ಮಾಡಿಕೊಂಡಿದ್ದ ರೈತರು. ಎಂಟನೇ ವಯಸ್ಸಿನಲ್ಲಿ ಹುಡುಗನ ಒಂದು ಕಣ್ಣಿನಲ್ಲಿ ಗೆಡ್ಡೆ ಬೆಳೆಯಿತು. ಕಣ್ಣನ್ನೇ ತೆಗೆದು ಗಾಜಿನ ಕಣ್ಣು ಇಡಬೇಕಾಯಿತು. ಹದಿಮೂರನೇ ವಯಸ್ಸಿನಲ್ಲಿ, ವಾಹನಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟಿದ್ದ ಸಂಬಂಧಿಯೊಬ್ಬರು ಅವನಿಗೆ ಒಂದು ಪೆಟ್ಟಿಗೆಯ ತುಂಬ ಹಳೆಯ ರೇಡಿಯೋ ಬಿಡಿಭಾಗಗಳನ್ನೂ ಒಂದು ಬ್ಯಾಟರಿಯನ್ನೂ ಕಳುಹಿಸಿದರು. ಮರುವರ್ಷ ಅದೇ ಅಂಗಡಿಗೆ ಹೋದಾಗ, ಬೇಡದ ಭಾಗಗಳಿಂದಲೇ ಅವರು ಜೋಡಿಸಿದ್ದ ರೇಡಿಯೋವೊಂದು ಜೋರಾಗಿ ಹಾಡುತ್ತಿರುವುದನ್ನು ಹುಡುಗ ಕಂಡ. ಲಿಯೋ ಅವರ ವಿದ್ಯಾಭ್ಯಾಸ ನಿಜವಾಗಿ ಶುರುವಾದದ್ದು ಅಲ್ಲಿಂದ. ಶಾಲೆಯಲ್ಲಿದ್ದಾಗಲೇ ಮನೆಯಲ್ಲಿ ರೇಡಿಯೋ ರಿಪೇರಿ ಆರಂಭಿಸಿದರು. ಎಲೆಕ್ಟ್ರಾನಿಕ್ಸ್ ಅನ್ನು ಯಾವ ತರಗತಿಯಲ್ಲೂ ಕಲಿಯಲಿಲ್ಲ.

1928ರಲ್ಲಿ ಹೈಸ್ಕೂಲು ಮುಗಿಸಿ ಫುಲ್ಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಲೆಕ್ಕಪತ್ರದ ವಿಷಯ ತೆಗೆದುಕೊಂಡರು. ಮಂಜುಗಡ್ಡೆ ಕಂಪನಿಯೊಂದರಲ್ಲಿ ಸರಕು ತಲುಪಿಸುವ ಕೆಲಸ ಮಾಡಿ, ಅಲ್ಲೇ ಲೆಕ್ಕ ಬರೆಯುವವರಾದರು. 1934ರಲ್ಲಿ ಎಸ್ತರ್ ಅವರೊಡನೆ ಮದುವೆಯಾಯಿತು. ಮುಂದೆ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗರಾದರು. ಆದರೆ ಅದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ, ಆ ಹುದ್ದೆಯೇ ರದ್ದಾಯಿತು. ಟೈರ್ ಕಂಪನಿಯೊಂದರಲ್ಲಿ ಸಿಕ್ಕ ಕೆಲಸವೂ ಆರು ತಿಂಗಳಲ್ಲಿ ಹೋಯಿತು. ಇಪ್ಪತ್ತೊಂಬತ್ತು ತುಂಬುವ ಹೊತ್ತಿಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. ಆಗ 600 ಡಾಲರ್ ಸಾಲ ಮಾಡಿ 1938ರಲ್ಲಿ ಫುಲ್ಲರ್ಟನ್‌ಗೆ ಮರಳಿ ಫೆಂಡರ್ ರೇಡಿಯೋ ಸರ್ವಿಸ್ ಎಂಬ ಅಂಗಡಿ ತೆರೆದರು.

ಅಂಗಡಿಗೆ ರೇಡಿಯೋಗಳ ಜೊತೆಗೆ ಸಂಗೀತಗಾರರ ಆಂಪ್ಲಿಫೈಯರ್‌ಗಳೂ, ಗಿಟಾರಿಗೆ ಜೋಡಿಸುವ ಪಿಕಪ್‌ಗಳೂ ರಿಪೇರಿಗೆ ಬರುತ್ತಿದ್ದವು. ಯಾವ ಭಾಗ ಮೊದಲು ಕೈಕೊಡುತ್ತದೆ, ಯಾವ ಬೆಸುಗೆ ಸಡಿಲವಾಗುತ್ತದೆ, ಯಾವ ಪೆಟ್ಟಿಗೆಯನ್ನು ಬಿಚ್ಚುವುದೇ ಕಷ್ಟ ಎಂಬುದನ್ನು ಅವರು ದಿನವೂ ನೋಡುತ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ಗಾಜಿನ ಕಣ್ಣಿನ ಕಾರಣ ಅವರನ್ನು ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಕಾಲದಲ್ಲಿ ಡಾಕ್ ಕಾಫ್‌ಮನ್ ಎಂಬ ಸಂಗೀತಗಾರ ಮಿತ್ರರೊಡನೆ ಸೇರಿ, ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರುಗಳನ್ನೂ ಆಂಪ್ಲಿಫೈಯರ್‌ಗಳನ್ನೂ ತಯಾರಿಸತೊಡಗಿದರು. 1946ರಲ್ಲಿ ಕಾಫ್‌ಮನ್ ಹಿಂದೆ ಸರಿದರು. ಫೆಂಡರ್ ಒಬ್ಬರೇ ಮುಂದುವರಿದರು.

ಇಲ್ಲಿ ಪಿಕಪ್ ಎಂದರೇನು ಎಂದು ಹೇಳಬೇಕು. ನಮ್ಮ ಭೌತಶಾಸ್ತ್ರದ ಆರನೇ ಅಧ್ಯಾಯ, ವಿದ್ಯುತ್ಕಾಂತೀಯ ಪ್ರೇರಣೆ, ಪೂರ್ತಿಯಾಗಿ ಇದರೊಳಗಿದೆ. ಆರು ಉಕ್ಕಿನ ತಂತಿಗಳ ಕೆಳಗೆ ಆರು ಸಣ್ಣ ಆಯಸ್ಕಾಂತದ ಕಡ್ಡಿಗಳು. ಅವು ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಕೂಡಿದ ಆಲ್ನಿಕೋ ಎಂಬ ಮಿಶ್ರಲೋಹದವು. ಕಡ್ಡಿಗಳ ಸುತ್ತ ತಾಮ್ರದ ತಂತಿಯ ಸುರುಳಿ. ಆಯಸ್ಕಾಂತದ ಹತ್ತಿರವಿರುವ ಉಕ್ಕಿನ ತಂತಿಗೂ ಕಾಂತತ್ವ ಬರುತ್ತದೆ. ಬೆರಳಿನಿಂದ ಮೀಟಿದಾಗ ಅದು ಕಂಪಿಸುತ್ತದೆ, ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹ ಅದೇ ವೇಗದಲ್ಲಿ ಬದಲಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡಂತೆ ಸುರುಳಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ನಮ್ಮ ಮಾಮು ಪಂಪ್‌ಸೆಟ್ ಮೋಟಾರುಗಳನ್ನು ರೀವೈಂಡ್ ಮಾಡುತ್ತಾರೆ, ಅವರ ಅಂಗಡಿಯಲ್ಲಿ ತಾಮ್ರದ ತಂತಿಯ ಗೇಜು ನೋಡಿ ಅಭ್ಯಾಸವಿದ್ದ ನನಗೆ ಪಿಕಪ್ ತಂತಿಯ ಅಳತೆ ಓದಿ ಆಶ್ಚರ್ಯವಾಯಿತು. ಅದು 42 ಗೇಜಿನದು, ದಪ್ಪ ಸುಮಾರು 0.06 ಮಿಲಿಮೀಟರ್. ಸ್ಟ್ರಾಟೋಕಾಸ್ಟರಿನ ಒಂದು ಪಿಕಪ್‌ಗೆ ಸುಮಾರು 8000 ಸುತ್ತು ಬೇಕು. ಬಿಚ್ಚಿ ಎಳೆದರೆ ಒಂದು ಕಿಲೋಮೀಟರಿನಷ್ಟು ಉದ್ದ. ಸುತ್ತು ಹೆಚ್ಚಿಸಿದರೆ ಸದ್ದು ಹೆಚ್ಚುತ್ತದೆ, ಆದರೆ ಸುರುಳಿಯ ಇಂಡಕ್ಟೆನ್ಸೂ ಕೆಪಾಸಿಟೆನ್ಸೂ ಹೆಚ್ಚಿ ತೀಕ್ಷ್ಣ ಸ್ವರಗಳು ಮಂಕಾಗುತ್ತವೆ. ಫೆಂಡರ್ ಗಿಟಾರುಗಳ ಗಾಜು ತಟ್ಟಿದಂತಹ ಸ್ಪಷ್ಟ ಸದ್ದು ಈ ಲೆಕ್ಕಾಚಾರದಿಂದ ಬಂದದ್ದು. ಇದಕ್ಕೊಂದು ದೋಷವೂ ಇದೆ. ಒಂದೇ ಸುರುಳಿಯಾದ್ದರಿಂದ ಅದು ಕೋಣೆಯ ವಿದ್ಯುತ್ ಲೈನಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಆ ಸದ್ದನ್ನು ರದ್ದು ಮಾಡಿದರು. ಎರಡು ವರ್ಷದ ನಂತರ ಫೆಂಡರ್ ತಮ್ಮ ಬೇಸ್ ಗಿಟಾರಿನ ಪಿಕಪ್ ಅನ್ನು ಎರಡು ತುಂಡು ಮಾಡಿ ಬೇರೆ ದಾರಿಯಲ್ಲಿ ಅದನ್ನೇ ಸಾಧಿಸಿದರು.

ಅಂದಿನ ಗಿಟಾರುಗಳು ಒಳಗೆ ಟೊಳ್ಳು. ಸದ್ದು ಹೆಚ್ಚಿಸಿದೊಡನೆ ಸ್ಪೀಕರಿನ ಧ್ವನಿಗೆ ಪೆಟ್ಟಿಗೆಯೇ ನಡುಗಿ ಕಿವಿಗಡಚಿಕ್ಕುವಂತೆ ಕಿರುಚುತ್ತಿತ್ತು. ಗಟ್ಟಿ ಮರದ ದೇಹ ಇದಕ್ಕೆ ಮದ್ದು. ಈ ವಿಚಾರ ಮೊದಲು ಹೊಳೆದದ್ದು ಫೆಂಡರ್ ಅವರಿಗಲ್ಲ, ಇತರರೂ ಪ್ರಯತ್ನಿಸಿದ್ದರು. ಆದರೆ ಅದನ್ನು ಸಾಮಾನ್ಯ ಸಂಗೀತಗಾರನ ಕೈಗೆಟುಕುವಂತೆ, ಸಾವಿರಗಟ್ಟಲೆ ತಯಾರಿಸಲು ಸಾಧ್ಯವಾಗುವಂತೆ ಮಾಡಿದ್ದು ಅವರು. 1950ರಲ್ಲಿ ಜಾರ್ಜ್ ಫುಲ್ಲರ್ಟನ್ ಎಂಬ ಸಹಾಯಕರೊಡನೆ ರೂಪಿಸಿದ ಗಿಟಾರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. ಗ್ರೆಚ್ ಕಂಪನಿ ತನ್ನ ಡ್ರಮ್ಮುಗಳಿಗೆ ಅಂಥದೇ ಹೆಸರಿದೆ ಎಂದು ತಿಳಿಸಿದಾಗ, ಹೊಸ ಚೀಟಿ ಅಚ್ಚಾಗುವವರೆಗೆ ಇದ್ದ ಚೀಟಿಯಲ್ಲಿ ಆ ಪದವನ್ನು ಕತ್ತರಿಸಿ ಫೆಂಡರ್ ಎಂಬುದನ್ನಷ್ಟೇ ಅಂಟಿಸಿ ಮಾರಿದರು. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಬಂತು. ಆಗ ಬೇಡದೆ ಕತ್ತರಿಸಿದ ಹೆಸರಿನ ಗಿಟಾರುಗಳಿಗೆ ಇಂದು ಸಂಗ್ರಹಕಾರರಲ್ಲಿ ಭಾರಿ ಬೆಲೆ.

ಅಂದಿನ ಒಳ್ಳೆಯ ಗಿಟಾರುಗಳ ಕುತ್ತಿಗೆಯನ್ನು ದೇಹಕ್ಕೆ ಅಂಟು ಹಾಕಿ ಕೂಡಿಸುತ್ತಿದ್ದರು. ಕುತ್ತಿಗೆ ಬಾಗಿದರೆ ನುರಿತ ಕುಶಲಕರ್ಮಿಯೇ ಬೇಕು. ಫೆಂಡರ್ ನಾಲ್ಕು ಸ್ಕ್ರೂ ಹಾಕಿದರು. ಬಿಚ್ಚಿ ಬೇರೆಯದನ್ನು ಕೂಡಿಸಬಹುದು. ಪಿಕಪ್, ಸ್ವಿಚ್ಚು, ವಾಲ್ಯೂಮ್ ಎಲ್ಲವೂ ಸ್ಕ್ರೂ ಡ್ರೈವರಿಗೂ ಬೆಸುಗೆ ಕಡ್ಡಿಗೂ ಸಿಗುವಂತೆ ಇಟ್ಟರು. ಹಳೆಯ ಪದ್ಧತಿಯವರಿಗೆ ಇದು ಬಡಗಿ ಕೆಲಸದಂತೆ ಕಂಡಿರಬಹುದು. ನನ್ನ ಕಣ್ಣಿಗೆ ಇದು ರಿಪೇರಿ ಅಂಗಡಿಯ ಮೇಜಿನ ಹಿಂದೆ ಕುಳಿತವನು ಮಾತ್ರ ಯೋಚಿಸಬಲ್ಲ ವಿಷಯ. ವಸ್ತು ಕೆಡುತ್ತದೆ ಎಂದು ಅವನಿಗೆ ಗೊತ್ತು, ಅದಕ್ಕೇ ಮೊದಲೇ ದಾರಿ ಬಿಟ್ಟಿರುತ್ತಾನೆ.

ನುಡಿಸಲು ಬಾರದ ಕಾರಣ ಅವರು ನುಡಿಸುವವರನ್ನು ಕೇಳುತ್ತಿದ್ದರು. ಟೆಲಿಕಾಸ್ಟರಿನ ಚೂಪು ಅಂಚು ಪಕ್ಕೆಗೆ ಒತ್ತುತ್ತದೆ ಎಂದು ವಾದಕರು ದೂರಿದರು, ಸ್ಟ್ರಾಟೋಕಾಸ್ಟರಿನ ಅಂಚುಗಳು ದೇಹಕ್ಕೆ ಹೊಂದುವಂತೆ ನುಣುಪಾದವು. ಪ್ರತಿ ತಂತಿಯ ಶ್ರುತಿಯನ್ನು ಬೇರೆಯಾಗಿ ಸರಿಪಡಿಸುವಂತಿರಬೇಕು ಎಂದರು, ಆರು ತಂತಿಗೆ ಆರು ಪ್ರತ್ಯೇಕ ಆಧಾರಗಳು ಬಂದವು. ಸ್ವರವನ್ನು ಅಲುಗಿಸುವ ಸನ್ನೆಯ ಮೊದಲ ವಿನ್ಯಾಸ ಸದ್ದನ್ನು ಕೆಡಿಸುತ್ತದೆ ಎಂದು ತಿಳಿದಾಗ, ಆದ ಖರ್ಚನ್ನು ಲೆಕ್ಕಿಸದೆ ಅದನ್ನು ಬಿಟ್ಟು ಹೊಸದಾಗಿ ಆರಂಭಿಸಿದರು.

ಅವರ ಆಂಪ್ಲಿಫೈಯರುಗಳನ್ನು ಹೆಚ್ಚು ಪರೀಕ್ಷಿಸಿದವರು ಡಿಕ್ ಡೇಲ್. ಅವರ ತಂದೆಯ ಕಡೆಯವರು ಲೆಬನಾನಿನವರು. ಚಿಕ್ಕಂದಿನಲ್ಲಿ ಮನೆಯಲ್ಲಿ ಅರಬರ ತಂತಿವಾದ್ಯ ಊದ್ ಕೇಳಿ ಬೆಳೆದ ಡೇಲ್, ಅದರ ವೇಗದ ಮೀಟನ್ನು ಸ್ಟ್ರಾಟೋಕಾಸ್ಟರಿಗೆ ತಂದರು. ಅವರು ಎಡಗೈಯವರು, ಬಲಗೈ ಗಿಟಾರನ್ನು ತಿರುಗಿಸಿ ಹಿಡಿದು ನುಡಿಸುತ್ತಿದ್ದರು. ಅಷ್ಟು ಜೋರಾಗಿ ನುಡಿಸುತ್ತಿದ್ದರೆಂದರೆ ಸ್ಪೀಕರುಗಳು ಒಂದರ ಹಿಂದೆ ಒಂದು ಹಾಳಾಗುತ್ತಿದ್ದವು. ಫೆಂಡರ್ ಕಾರ್ಯಕ್ರಮ ನಡೆಯುವ ಸಭಾಂಗಣಕ್ಕೇ ಹೋಗಿ ಕೇಳಿದರು. ಸಾವಿರಾರು ಜನರ ನಡುವೆ ಡೇಲ್ ಅವರಿಗೆ ಎಷ್ಟು ಸದ್ದು ಬೇಕಾಗುತ್ತದೆ ಎಂಬುದು ಅಲ್ಲಿ ಅರ್ಥವಾಯಿತು. 15 ಇಂಚಿನ ಸ್ಪೀಕರಿನ ಶೋಮನ್ ಆಂಪ್ಲಿಫೈಯರ್ ಹೀಗೆ ಹುಟ್ಟಿತು.

ಅರುವತ್ತರ ದಶಕದಲ್ಲಿ ದೀರ್ಘ ಕಾಲದ ಸೋಂಕಿನಿಂದ ಫೆಂಡರ್ ಸೊರಗಿದರು. ತಾವು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಭಾವಿಸಿ 1965ರ ಜನವರಿಯಲ್ಲಿ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದರು. ಆಮೇಲೆ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಪೂರ್ತಿ ಗುಣವಾದರು! ಕೈತುಂಬ ಹಣವಿತ್ತು, ಸುಮ್ಮನಿರಬಹುದಿತ್ತು. ಆದರೆ ಮ್ಯೂಸಿಕ್ ಮ್ಯಾನ್ ಕಂಪನಿಗಾಗಿ ಗಿಟಾರುಗಳನ್ನು ರೂಪಿಸಿದರು, ನಂತರ ಹಳೆಯ ಗೆಳೆಯ ಜಾರ್ಜ್ ಅವರೊಡನೆ ಜಿ ಆಂಡ್ ಎಲ್ ಆರಂಭಿಸಿದರು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು, ಮರುವರ್ಷ ಫಿಲ್ಲಿಸ್ ಅವರನ್ನು ಮದುವೆಯಾದರು. ಪಾರ್ಕಿನ್ಸನ್ ಕಾಯಿಲೆ ಕೈಕಾಲು ಹಿಡಿದಾಗಲೂ ಕೆಲಸದ ಕೋಣೆಗೆ ಹೋಗುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ನಿಧನರಾದರು.

ಸಿಬಿಎಸ್‌ಗೆ ಮಾರುವ ಮುಂಚಿನ ಗಿಟಾರುಗಳನ್ನು ಇಂದು ಸಂಗ್ರಹಕಾರರು ದೊಡ್ಡ ಬೆಲೆಗೆ ಕೊಳ್ಳುತ್ತಾರೆ. ಆ ಹಳೆಯ ಸದ್ದಿನಲ್ಲಿ ಏನೋ ಮಾಯೆಯಿದೆ ಎನ್ನುತ್ತಾರೆ. ಮಾಯೆಯ ಬಹುಪಾಲು ಕಾರ್ಖಾನೆಯಲ್ಲಿ ಸುರುಳಿ ಸುತ್ತುತ್ತಿದ್ದ ಮಹಿಳೆಯರ ಬೆರಳುಗಳದ್ದು. ಯಂತ್ರ ತಿರುಗುವಾಗ ಕೂದಲಿನಂತಹ ತಂತಿಗೆ ಅವರು ಕೈಯಿಂದಲೇ ದಾರಿ ತೋರಿಸಬೇಕಿತ್ತು. ಎಳೆತ ಒಮ್ಮೆ ಬಿಗಿ, ಒಮ್ಮೆ ಸಡಿಲ. ಹಾಗಾಗಿ ಒಂದು ಪಿಕಪ್‌ನಂತೆ ಇನ್ನೊಂದಿಲ್ಲ. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ಅವರು ಸುತ್ತಿದ ಪಿಕಪ್‌ಗಳನ್ನು ಮುಂದೆ ಜನ ಅವರ ಹೆಸರು ಹೇಳಿಯೇ ಹುಡುಕಿ ಕೊಂಡರು. ಆದರೆ ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಶ್ರೇಷ್ಠವಲ್ಲ. ಜಿಮಿ ಹೆಂಡ್ರಿಕ್ಸ್ 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಿದ ಬಿಳಿ ಸ್ಟ್ರಾಟೋಕಾಸ್ಟರ್ ಸಿಬಿಎಸ್ ಕಾಲದ್ದೇ.

ಇಂಥ ಗಿಟಾರು ದುರಸ್ತಿಗೆ ಬಂದಾಗ ಕುಶಲಕರ್ಮಿ ಮೊದಲು ನಾಲ್ಕು ಸ್ಕ್ರೂ ಬಿಚ್ಚುತ್ತಾನೆ. ಕುತ್ತಿಗೆಯ ಬುಡದಲ್ಲಿ ಕಾರ್ಮಿಕರು ಪೆನ್ಸಿಲಿನಿಂದ ಬರೆದ ದಿನಾಂಕ ಹಲವು ಬಾರಿ ಸಿಗುತ್ತದೆ. ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲಿನ ಸಂಕೇತದಲ್ಲಿ ಅದು ತಯಾರಾದ ವರ್ಷ, ವಾರ ಎರಡೂ ಇರುತ್ತವೆ. ಪಿಕಪ್ ಸದ್ದು ಮಾಡದಿದ್ದರೆ ಮಲ್ಟಿಮೀಟರ್ ಹಿಡಿಯುತ್ತಾನೆ. ಸರಿಯಿದ್ದರೆ ಸುಮಾರು 6 ಕಿಲೋ ಓಮ್ ತೋರಿಸುತ್ತದೆ, ಏನೂ ತೋರಿಸದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ಹೊರಗಿನ ಸುತ್ತುಗಳಲ್ಲಿ ತುಂಡಾಗಿದ್ದರೆ ಕೆಲವು ಸುತ್ತು ಬಿಚ್ಚಿ ಬೆಸೆದರೆ ಸಾಕು. ಒಳಗೆ ಹೋಗಿದ್ದರೆ ಮಾಮು ಮೋಟಾರಿಗೆ ಮಾಡುವಂತೆ ಪೂರ್ತಿ ರೀವೈಂಡಿಂಗ್. ಒಳ್ಳೆಯ ದುರಸ್ತಿಗಾರ ಸವೆದ ಬಣ್ಣಕ್ಕೆ ಹೊಸ ಬಣ್ಣ ಬಳಿಯುವುದಿಲ್ಲ, ಗಟ್ಟಿಯಾಗಿರುವ ಹಳೆಯ ಬೆಸುಗೆಯನ್ನು ಮುಟ್ಟುವುದಿಲ್ಲ. ಕೆಟ್ಟದ್ದನ್ನಷ್ಟೇ ಸರಿಪಡಿಸಿ ಉಳಿದದ್ದನ್ನು ಇದ್ದಂತೆ ಬಿಡುವುದೇ ಅವನ ವಿದ್ಯೆ.

ಎಪ್ಪತ್ತು ವರ್ಷದ ಹಿಂದಿನ ವಸ್ತುವನ್ನು ಇಂದೂ ಬಿಚ್ಚಿ, ಅರ್ಥಮಾಡಿಕೊಂಡು, ಮತ್ತೆ ನುಡಿಯುವಂತೆ ಮಾಡಲು ಸಾಧ್ಯವಾದದ್ದು ಅದನ್ನು ರಿಪೇರಿಗಾರನೊಬ್ಬ ರೂಪಿಸಿದ್ದರಿಂದ. ಗೆಳೆಯರೇ, ಮನೆಯಲ್ಲಿ ಮಿಕ್ಸಿಯೋ ಫ್ಯಾನೋ ನಿಂತಾಗ ಗುಜರಿಗೆ ಹಾಕುವ ಮುನ್ನ ವಿದ್ಯುತ್ ಸಂಪರ್ಕ ತೆಗೆದು, ಕೆಲಸ ಬಲ್ಲ ಹಿರಿಯರ ಜೊತೆ ಕುಳಿತು ಒಮ್ಮೆ ಬಿಚ್ಚಿ ನೋಡಿ. ಆರನೇ ಅಧ್ಯಾಯ ಅಲ್ಲಿ ಎದುರಿಗೇ ಸಿಗುತ್ತದೆ. ಅಂಗಡಿಯಲ್ಲಿ ದುಡಿಯುವ ಅಬ್ಬಾ, ಮಾಮು ಅವರ ಬಳಿಯೂ ಯಾವ ಭಾಗ ಮೊದಲು ಕೆಡುತ್ತದೆ, ಯಾಕೆ ಎಂದು ಕೇಳಿ. ನಮ್ಮ ಪಠ್ಯದಲ್ಲಿಲ್ಲದ ಎಷ್ಟೋ ಉತ್ತರಗಳು ಅವರ ಕೈಯಲ್ಲಿವೆ.