ಆಲ್‌ಫ್ರೆಡ್ ಫಾನ್ ಟಿರ್ಪಿಟ್ಸ್

ಆಲ್‌ಫ್ರೆಡ್ ಫಾನ್ ಟಿರ್ಪಿಟ್ಸ್ (19 ಮಾರ್ಚ್ 1849 – 6 ಮಾರ್ಚ್ 1930) ಜರ್ಮನಿಯ ನೌಕಾ ಸೇನಾಧಿಪತಿ ಮತ್ತು ರಾಜಕಾರಣಿ. 1897ರಿಂದ 1916ರವರೆಗೆ ಜರ್ಮನ್ ಸಾಮ್ರಾಜ್ಯದ ನೌಕಾ ಇಲಾಖೆಯ ಕಾರ್ಯದರ್ಶಿಯಾಗಿದ್ದು, ಅಲ್ಲಿಯವರೆಗೆ ಚಿಕ್ಕದಾಗಿದ್ದ ನೌಕಾಪಡೆಯನ್ನು ಬ್ರಿಟನ್ನಿನ ನಂತರ ಜಗತ್ತಿನ ಎರಡನೆಯ ದೊಡ್ಡ ನೌಕಾಪಡೆಯಾಗಿ ಬೆಳೆಸಿದ. ಜರ್ಮನಿಯ ಬ್ಯಾಟಲ್‌ಕ್ರೂಸರುಗಳು ರೂಪುಗೊಂಡದ್ದು ಈತನ ಅಧಿಕಾರಾವಧಿಯಲ್ಲಿ. ಅವುಗಳಲ್ಲಿ ಮೊದಲನೆಯದರ ವಿನ್ಯಾಸದ ಚರ್ಚೆಯಲ್ಲಿ ಈತನ ಅಭಿಪ್ರಾಯಕ್ಕೆ ಮನ್ನಣೆ ದೊರೆಯಲಿಲ್ಲ. ಮುಂದೆ ಯುದ್ಧದಲ್ಲಿ ಆ ಹಡಗುಗಳಿಗೆ ಹೆಸರು ತಂದದ್ದು ಈತ ಒಪ್ಪದಿದ್ದ ಗುಣವೇ.

ಆರಂಭಿಕ ಜೀವನ

ಟಿರ್ಪಿಟ್ಸ್ ಪ್ರಷ್ಯದ ಕ್ಯೂಸ್ಟ್ರಿನ್ ಪಟ್ಟಣದಲ್ಲಿ (ಇಂದು ಪೋಲೆಂಡಿನಲ್ಲಿದೆ) ಜನಿಸಿದ. ತಂದೆ ನ್ಯಾಯಾಂಗದಲ್ಲಿ ವೃತ್ತಿ ನಡೆಸಿದವನು. ಬಾಲ್ಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್ ನಗರದಲ್ಲಿ ಕಳೆಯಿತು. 1865ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ, ಪ್ರಷ್ಯದ ನೌಕಾಪಡೆಗೆ ಸೇರಿದ. ಭೂಸೇನೆಗೇ ಹೆಚ್ಚಿನ ಗೌರವವಿದ್ದ ಪ್ರಷ್ಯದಲ್ಲಿ ನೌಕಾಪಡೆ ಆಗ ಬಹಳ ಚಿಕ್ಕದು.

1877ರಲ್ಲಿ ಆಡ್ರಿಯಾಟಿಕ್ ತೀರದ ಫ್ಯೂಮೆಯಲ್ಲಿದ್ದ ವೈಟ್‌ಹೆಡ್ ಕಾರ್ಖಾನೆಗೆ ಭೇಟಿಯಿತ್ತು, ಆಗಿನ್ನೂ ಹೊಸದಾಗಿದ್ದ ಟಾರ್ಪಿಡೊ ಅಸ್ತ್ರವನ್ನು ಅಭ್ಯಾಸ ಮಾಡಿದ. ಅನಂತರ ಟಾರ್ಪಿಡೊ ವಿಭಾಗದ ಹೊಣೆ ಈತನಿಗೆ ಬಂತು. 1892ರಲ್ಲಿ ನೌಕಾ ವರಿಷ್ಠ ಮಂಡಳಿಯ ಸಿಬ್ಬಂದಿ ಮುಖ್ಯಸ್ಥನಾದ. 1896–97ರಲ್ಲಿ ಪೂರ್ವ ಏಷ್ಯದ ನೌಕಾದಳದ ನಾಯಕನಾಗಿದ್ದ.

ನೌಕಾ ಕಾಯಿದೆಗಳು

1897ರ ಜೂನ್ ತಿಂಗಳಲ್ಲಿ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಈತನನ್ನು ನೌಕಾ ಇಲಾಖೆಯ ಕಾರ್ಯದರ್ಶಿಯಾಗಿ ನೇಮಿಸಿದ. ಹಡಗುಗಳಿಗಾಗಿ ಪ್ರತಿವರ್ಷವೂ ಸಂಸತ್ತಿನ ಮುಂದೆ ಹಣ ಕೇಳುವ ಪದ್ಧತಿಯನ್ನು ಬಿಟ್ಟು, ಹಡಗುಗಳ ಸಂಖ್ಯೆ ಮತ್ತು ಆಯುಷ್ಯವನ್ನು ಕಾಯಿದೆಯಲ್ಲೇ ಗೊತ್ತುಪಡಿಸುವ ಮಾರ್ಗವನ್ನು ಈತ ಆರಿಸಿಕೊಂಡ. 1898ರ ಮೊದಲ ನೌಕಾ ಕಾಯಿದೆ 19 ಯುದ್ಧನೌಕೆಗಳಿಗೆ ಅವಕಾಶ ನೀಡಿತು. 1900ರ ಕಾಯಿದೆ ಆ ಸಂಖ್ಯೆಯನ್ನು 38ಕ್ಕೆ ಏರಿಸಿತು. ಅದೇ ವರ್ಷ ಈತನಿಗೆ ಕುಲೀನ ಪದವಿ ದೊರೆತು ಹೆಸರಿನಲ್ಲಿ ‘ಫಾನ್’ ಸೇರಿತು.

ಈ ಯೋಜನೆಯ ಹಿಂದಿದ್ದ ತರ್ಕಕ್ಕೆ ಅಪಾಯ ಸಿದ್ಧಾಂತವೆಂದು ಹೆಸರು. ಬ್ರಿಟನ್ನಿನ ನೌಕಾಪಡೆಯನ್ನು ಸೋಲಿಸುವಷ್ಟು ಬಲ ಜರ್ಮನಿಗೆ ಬೇಕಿಲ್ಲ; ಗೆದ್ದರೂ ಬ್ರಿಟನ್ ಇತರ ಶತ್ರುಗಳೆದುರು ದುರ್ಬಲವಾಗುವಷ್ಟು ಹಾನಿ ಮಾಡಬಲ್ಲ ಬಲವಿದ್ದರೆ ಸಾಕು, ಬ್ರಿಟನ್ ಯುದ್ಧಕ್ಕೆ ಹಿಂಜರಿಯುತ್ತದೆ ಎಂಬುದು ಈತನ ಎಣಿಕೆ. ಆದರೆ ಬ್ರಿಟನ್ 1904ರಲ್ಲಿ ಫ್ರಾನ್ಸಿನೊಡನೆಯೂ 1907ರಲ್ಲಿ ರಷ್ಯದೊಡನೆಯೂ ಒಪ್ಪಂದ ಮಾಡಿಕೊಂಡು, ತನ್ನ ಹಡಗುಗಳನ್ನು ಉತ್ತರ ಸಮುದ್ರದ ಕಡೆಗೆ ತಂದಿತು. ಎಣಿಕೆಯ ಆಧಾರವೇ ಇದರಿಂದ ಕುಸಿಯಿತು.

ಬ್ಯಾಟಲ್‌ಕ್ರೂಸರಿನ ವಿನ್ಯಾಸ

ಯಾವುದೇ ಯುದ್ಧಹಡಗಿನ ವಿನ್ಯಾಸದಲ್ಲಿ ಫಿರಂಗಿ, ಉಕ್ಕಿನ ಕವಚ, ಯಂತ್ರ ಈ ಮೂರಕ್ಕೂ ನಿಗದಿತ ತೂಕವನ್ನು ಹಂಚಬೇಕಾಗುತ್ತದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸಬೇಕು, ಇಲ್ಲವೇ ಹಡಗನ್ನೇ ದೊಡ್ಡದು ಮಾಡಬೇಕು. ಯುದ್ಧನೌಕೆಯ ಭಾರಿ ಫಿರಂಗಿಗಳನ್ನೂ ಕ್ರೂಸರಿನ ವೇಗವನ್ನೂ ಒಂದೇ ಹಡಗಿನಲ್ಲಿ ಕೂಡಿಸುವ ಪ್ರಯತ್ನವೇ ಬ್ಯಾಟಲ್‌ಕ್ರೂಸರ್.

ಬ್ರಿಟನ್ 1906ರಲ್ಲಿ ಈ ಬಗೆಯ ಮೊದಲ ಹಡಗಾದ ಇನ್ವಿನ್ಸಿಬಲ್ ನಿರ್ಮಾಣವನ್ನು ಆರಂಭಿಸಿತು. ಅದರಲ್ಲಿ 30.5 ಸೆಂ.ಮೀ.ನ ಎಂಟು ಫಿರಂಗಿಗಳಿದ್ದ ಸಂಗತಿ ಜರ್ಮನಿಗೆ ತಡವಾಗಿ ತಿಳಿಯಿತು. ಅಷ್ಟರಲ್ಲಿ 21 ಸೆಂ.ಮೀ. ಫಿರಂಗಿಗಳ ಬ್ಲ್ಯೂಖರ್ ಎಂಬ ಕ್ರೂಸರನ್ನು ನಿರ್ಮಿಸಲು ಅದು ನಿರ್ಧರಿಸಿಯಾಗಿತ್ತು. ಹೀಗಾಗಿ ಬ್ಲ್ಯೂಖರ್ ಕಟ್ಟಿ ಮುಗಿಯುವ ಮುನ್ನವೇ ಹಳೆಯದಾಯಿತು.

ಇನ್ವಿನ್ಸಿಬಲ್‌ಗೆ ಉತ್ತರವಾಗಿ ಯೋಜಿಸಿದ ಫಾನ್ ಡೆರ್ ಟಾನ್ ಹಡಗಿನ ಬಗ್ಗೆ ಇಲಾಖೆಯಲ್ಲಿ ಭಿನ್ನಾಭಿಪ್ರಾಯ ಮೂಡಿತು. ಭಾರಿ ಫಿರಂಗಿ, ಹೆಚ್ಚಿನ ವೇಗ, ಕಡಿಮೆ ಕವಚ ಟಿರ್ಪಿಟ್ಸ್‌ನ ಆಯ್ಕೆಯಾಗಿತ್ತು. ಈ ಹಡಗು ಯುದ್ಧನೌಕೆಗಳ ಸಾಲಿನಲ್ಲಿ ನಿಂತು ಹೋರಾಡುವ ಅಗತ್ಯ ಈತನಿಗೆ ಕಾಣಲಿಲ್ಲ. ಚಕ್ರವರ್ತಿ ಹಾಗೂ ಅಗಸ್ಟ್ ಫಾನ್ ಹೀರಿಂಗೆನ್ ಮೊದಲಾದ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಹಡಗುಗಳ ಸಂಖ್ಯೆಯಲ್ಲಿ ಬ್ರಿಟನ್ನಿಗಿಂತ ಹಿಂದಿರುವ ಜರ್ಮನಿ, ಪ್ರತಿಯೊಂದು ದೊಡ್ಡ ಹಡಗನ್ನೂ ಮುಖ್ಯ ಕದನದಲ್ಲಿ ಬಳಸುವಂತಿರಬೇಕೆಂಬುದು ಅವರ ವಾದ. ಕೊನೆಗೆ ಈ ವಾದವೇ ಗೆದ್ದಿತು.

1908ರ ಮಾರ್ಚ್‌ನಲ್ಲಿ ಹ್ಯಾಂಬರ್ಗಿನ ಬ್ಲೋಮ್ ಉಂಡ್ ಫೋಸ್ ಹಡಗುಕಟ್ಟೆಯಲ್ಲಿ ಫಾನ್ ಡೆರ್ ಟಾನ್ ನಿರ್ಮಾಣ ಆರಂಭವಾಗಿ, 1910ರ ಸೆಪ್ಟೆಂಬರಿನಲ್ಲಿ ಹಡಗು ಸೇವೆಗೆ ಸೇರಿತು. ಅದರ ಎಂಟು ಫಿರಂಗಿಗಳು 28 ಸೆಂ.ಮೀ.ನವು, ಎಂದರೆ ಇನ್ವಿನ್ಸಿಬಲ್‌ನವಕ್ಕಿಂತ ಕಿರಿದು. ಆದರೆ ಇನ್ವಿನ್ಸಿಬಲ್‌ನ ಪಾರ್ಶ್ವ ಕವಚ 152 ಮಿ.ಮೀ. ದಪ್ಪವಿದ್ದರೆ ಇದರದು 250 ಮಿ.ಮೀ. ಟರ್ಬೈನ್ ಯಂತ್ರಗಳನ್ನು ಅಳವಡಿಸಿದ್ದರಿಂದ ಪರೀಕ್ಷಾ ಯಾನದಲ್ಲಿ ವೇಗ 27 ನಾಟ್ ಮೀರಿತು.

ಮತ್ತೊಂದು ರಕ್ಷಣಾ ವಿಷಯದಲ್ಲಿ ಟಿರ್ಪಿಟ್ಸ್‌ನ ಪಾತ್ರ ಹಿರಿದು. ಯುದ್ಧಹಡಗಿನ ಮೊದಲ ಗುಣ ಮುಳುಗದಿರುವುದು ಎಂದು ಈತ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ನೀರಿನಡಿಯ ಸ್ಫೋಟವನ್ನು ಹಡಗು ತಾಳಿಕೊಳ್ಳುವ ಬಗೆಯನ್ನು ತಿಳಿಯಲು ಪ್ರಯೋಗಗಳು ನಡೆದವು. ಹಡಗಿನ ಒಡಲನ್ನು ಅನೇಕ ನೀರುಬಿಗಿ ಕೋಣೆಗಳಾಗಿ ವಿಂಗಡಿಸಿ, ಒಳಗೊಂದು ಟಾರ್ಪಿಡೊ ತಡೆಗೋಡೆಯನ್ನು ಕಟ್ಟುವುದು ರೂಢಿಗೆ ಬಂತು.

ಯುದ್ಧಕಾಲ ಮತ್ತು ರಾಜೀನಾಮೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಚಕ್ರವರ್ತಿ ತನ್ನ ನೌಕಾಪಡೆಯನ್ನು ದೊಡ್ಡ ಕದನಕ್ಕೆ ಒಡ್ಡಲು ಹಿಂಜರಿದ. ಬ್ರಿಟನ್ ದೂರದಿಂದಲೇ ಉತ್ತರ ಸಮುದ್ರದ ದಾರಿಗಳನ್ನು ಮುಚ್ಚಿತು. 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕದನದಲ್ಲಿ ಬ್ಲ್ಯೂಖರ್ ಮುಳುಗಿತು. ಸೈಡ್ಲಿಟ್ಸ್ ಹಡಗಿನ ಹಿಂಬದಿಯ ಫಿರಂಗಿ ಗೋಪುರಗಳು ಹೊತ್ತಿ ಉರಿದು ನೂರೈವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ಬಳಿಕ ಮದ್ದಿನ ನಿರ್ವಹಣೆಯಲ್ಲಿ ಜರ್ಮನರು ಸುಧಾರಣೆಗಳನ್ನು ತಂದರು.

ಜಲಾಂತರ್ಗಾಮಿಗಳ ಅನಿರ್ಬಂಧಿತ ಬಳಕೆಗೆ ಟಿರ್ಪಿಟ್ಸ್ ಪಟ್ಟು ಹಿಡಿದ. ಅದಕ್ಕೆ ಒಪ್ಪಿಗೆ ದೊರೆಯದೆ 1916ರ ಮಾರ್ಚ್‌ನಲ್ಲಿ ರಾಜೀನಾಮೆ ನೀಡಿದ.

ಎರಡೂವರೆ ತಿಂಗಳ ಬಳಿಕ, ಮೇ 31ರಂದು, ಜಟ್ಲೆಂಡ್ ಕದನ ನಡೆಯಿತು. ಬ್ರಿಟನ್ನಿನ ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್ವಿನ್ಸಿಬಲ್ ಎಂಬ ಮೂರು ಬ್ಯಾಟಲ್‌ಕ್ರೂಸರುಗಳು ಸಿಡಿದು, ಅವುಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಇಂಡಿಫ್ಯಾಟಿಗಬಲ್ಲನ್ನು ಮುಳುಗಿಸಿದ್ದು ಫಾನ್ ಡೆರ್ ಟಾನ್. ಜರ್ಮನಿಯ ಐದರಲ್ಲಿ ಲ್ಯೂಟ್ಸೋ ಒಂದೇ ನಷ್ಟವಾಯಿತು; ಸೈಡ್ಲಿಟ್ಸ್ ಒಡಲಿನಲ್ಲಿ ಸಾವಿರಾರು ಟನ್ ನೀರು ತುಂಬಿಯೂ ಬಂದರು ಸೇರಿತು. ಬ್ರಿಟಿಷ್ ಹಡಗುಗಳ ನಾಶಕ್ಕೆ ತೆಳು ಕವಚವೊಂದೇ ಕಾರಣವಲ್ಲ. ಮದ್ದನ್ನು ಇರಿಸಿಕೊಂಡ ರೀತಿಯಲ್ಲಿನ ಅಜಾಗರೂಕತೆಯೂ ಕಾರಣವೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಆದರೂ ಈ ಕದನದಿಂದ ಬ್ರಿಟನ್ನಿನ ದಿಗ್ಬಂಧನ ಸಡಿಲಲಿಲ್ಲ.

ಪೂರ್ಣಗೊಳ್ಳದ ಹಡಗುಗಳು

35 ಸೆಂ.ಮೀ. ಫಿರಂಗಿಗಳ ಮಾಕೆನ್‌ಸೆನ್ 1917ರಲ್ಲಿ ನೀರಿಗಿಳಿದರೂ ಪೂರ್ಣಗೊಳ್ಳಲಿಲ್ಲ. 38 ಸೆಂ.ಮೀ. ಫಿರಂಗಿಗಳ ಎರ್ಸಾಟ್ಸ್ ಯೋರ್ಕ್ ವರ್ಗದ ಮೂರು ಹಡಗುಗಳ ಕೆಲಸವೂ ನಿಂತಿತು. ಜಲಾಂತರ್ಗಾಮಿಗಳ ನಿರ್ಮಾಣಕ್ಕೆ ಆದ್ಯತೆ ದೊರೆತು, ಕಾರ್ಮಿಕರು ಮತ್ತು ಸಾಮಗ್ರಿ ಅತ್ತ ಹರಿದವು. ಇನ್ನೂ ದೊಡ್ಡ, ಇನ್ನೂ ವೇಗದ ಹಡಗುಗಳ ನಕ್ಷೆಗಳು ಕಾಗದದಲ್ಲೇ ಉಳಿದವು. ಸೇವೆಯಲ್ಲಿದ್ದ ಐದು ಬ್ಯಾಟಲ್‌ಕ್ರೂಸರುಗಳನ್ನು 1919ರ ಜೂನ್ 21ರಂದು ಸ್ಕಾಪಾ ಫ್ಲೋದಲ್ಲಿ ಅವುಗಳ ನಾವಿಕರೇ ಮುಳುಗಿಸಿದರು.

ಕೊನೆಯ ದಿನಗಳು

1917ರಲ್ಲಿ ವೋಲ್ಫ್‌ಗಾಂಗ್ ಕಾಪ್‌ನೊಡನೆ ಜರ್ಮನ್ ಪಿತೃಭೂಮಿ ಪಕ್ಷವನ್ನು ಸ್ಥಾಪಿಸಿದ ಟಿರ್ಪಿಟ್ಸ್, 1919ರಲ್ಲಿ ತನ್ನ ನೆನಪುಗಳನ್ನು ಪ್ರಕಟಿಸಿದ. 1924ರಿಂದ 1928ರವರೆಗೆ ಸಂಸತ್ತಿನ ಸದಸ್ಯನಾಗಿದ್ದ. ಮ್ಯೂನಿಕ್ ಸಮೀಪದ ಎಬೆನ್‌ಹೌಸೆನ್‌ನಲ್ಲಿ ನಿಧನನಾದ. ಅಳಿಯ ಉಲ್ರಿಖ್ ಫಾನ್ ಹಾಸೆಲ್‌ನನ್ನು ಹಿಟ್ಲರನ ವಿರುದ್ಧದ ಸಂಚಿಗಾಗಿ 1944ರಲ್ಲಿ ಗಲ್ಲಿಗೇರಿಸಲಾಯಿತು. ಈತನ ಹೆಸರನ್ನು ಹೊತ್ತ ಯುದ್ಧನೌಕೆ ಟಿರ್ಪಿಟ್ಸ್ 1939ರಲ್ಲಿ ನೀರಿಗಿಳಿದು, 1944ರ ನವೆಂಬರ್ 12ರಂದು ನಾರ್ವೆಯ ಟ್ರೊಮ್ಸೊ ಬಳಿ ಬ್ರಿಟಿಷ್ ವಿಮಾನಗಳ ಬಾಂಬ್ ದಾಳಿಗೆ ಸಿಕ್ಕಿ ಮಗುಚಿತು.