ವೈದ್ಯೆಯಾದ ಕನ್ಯಾಸ್ತ್ರೀ ಮೇರಿ ಗ್ಲೌರಿ

ಹೆರಿಗೆಯಾಗಿ ಮಗು ಅತ್ತೊಡನೆ ಗಂಡಾಂತರ ಕಳೆಯಿತೆಂದು ಮನೆಮಂದಿ ನಿಟ್ಟುಸಿರು ಬಿಡುವುದು ಲೋಕರೂಢಿ. ಅಪಾಯದ ಬಹುಭಾಗ ಆ ಬಳಿಕವೇ ಬರುವುದೆಂಬುದನ್ನು ವೈದ್ಯರು ಬಲ್ಲರು. ರಕ್ತಸ್ರಾವ, ಬಾಣಂತಿ ಜ್ವರ, ಅಶುದ್ಧ ಕತ್ತಿಯಿಂದ ಹೊಕ್ಕುಳಬಳ್ಳಿ ಕೊಯ್ದಾಗ ಹಸುಳೆಗೆ ತಗಲುವ ಧನುರ್ವಾಯು ಇವೆಲ್ಲ ಮೊದಲ ಕೆಲವು ದಿನಗಳಲ್ಲಿಯೇ ಎರಗುವಂಥವು. ಪುರುಷ ವೈದ್ಯರ ಮುಂದೆ ಬಾರದ ಭಾರತದ ತಾಯಂದಿರು ಇವುಗಳಿಗೆ ಬಲಿಯಾಗುತ್ತಿದ್ದ ಕಾಲದಲ್ಲಿ, ಅವರಿಗಾಗಿ ಕಡಲು ದಾಟಿ ಬಂದವರು ಡಾಕ್ಟರ್ ಮೇರಿ ಗ್ಲೌರಿ.

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಬಿರೆಗುರ್ರಾದಲ್ಲಿ 1887ರ ಜೂನ್ 23ರಂದು ಜನಿಸಿದ ಈಕೆ 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದರು. ಹೆಣ್ಣುಮಕ್ಕಳಿಗೆ ಆ ವಿದ್ಯೆ ವಿರಳವಾಗಿದ್ದ ದಿನಗಳವು. ಕಾಲಿನ್ಸ್ ಬೀದಿಯಲ್ಲಿ ಚಿಕಿತ್ಸಾಲಯ ತೆರೆದು ಹೆಸರನ್ನೂ ಗಳಿಸಿದರು. 1915ರಲ್ಲಿ ಒಂದು ಕಿರುಹೊತ್ತಗೆ ಅವರ ಕೈಸೇರಿತು. ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆ ಕಟ್ಟಿಸಿದ್ದ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನರ ವೃತ್ತಾಂತವದು. ಭಾರತದಲ್ಲಿ ಮಡಿಯುತ್ತಿದ್ದ ಶಿಶುಗಳ ಸಂಗತಿಯನ್ನೋದಿ ಮೇರಿಯವರು ಅಂದೇ ತಮ್ಮ ಹಾದಿ ನಿಶ್ಚಯಿಸಿದರು. ಆದರೆ ಆತುರಪಡಲಿಲ್ಲ. ಪ್ರಸೂತಿಶಾಸ್ತ್ರ, ಸ್ತ್ರೀರೋಗ ಹಾಗೂ ನೇತ್ರಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1919ರಲ್ಲಿ ಎಂ.ಡಿ. ಪದವಿ ಪಡೆದ ಮೇಲೆಯೇ ಹಡಗು ಹತ್ತಿದರು. ಭಾವಾವೇಶಕ್ಕಿಂತ ಈ ಸಿದ್ಧತೆಯೇ ನಮಗೆ ದೊಡ್ಡದಾಗಿ ತೋರುತ್ತದೆ.

1920ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರನ್ನು ತಲಪಿ, ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿ, ಪವಿತ್ರ ಹೃದಯದ ಸೋದರಿ ಮೇರಿ ಎಂಬ ನಾಮವನ್ನು ಧರಿಸಿದರು. ಅಲ್ಲೊಂದು ತೊಡಕಿತ್ತು. ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸಲು ಶ್ರೀಸಭೆಯ ಕಟ್ಟಳೆ ಅಡ್ಡವಾಗಿತ್ತು. ಪ್ರಸೂತಿಕಾರ್ಯವಂತೂ ದೂರದ ಮಾತು. ಜಗದ್ಗುರು 15ನೆಯ ಬೆನೆಡಿಕ್ಟರು ವಿಶೇಷಾನುಮತಿ ದಯಪಾಲಿಸಿದರು. ಉಳಿದ ಸೋದರಿಯರಿಗೆ ಆ ಬಾಗಿಲು ತೆರೆದದ್ದು 1936ರಲ್ಲಿ. ಆ ವೇಳೆಗೆ ಎಷ್ಟು ಬಾಣಂತಿಯರು ನೆರವಿಲ್ಲದೆ ಕಣ್ಮುಚ್ಚಿದರೋ!

ಗುಂಟೂರಿನ ಪುಟ್ಟ ಔಷಧಾಲಯ ಅವರ ಕೈಯಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಒಬ್ಬ ವೈದ್ಯೆ ಎಷ್ಟು ಮನೆಗಳಿಗೆ ಹೋಗಬಲ್ಲಳು? ಇದನ್ನರಿತು ಸ್ಥಳೀಯ ಹೆಣ್ಣುಮಕ್ಕಳನ್ನೇ ಸೂಲಗಿತ್ತಿಯರಾಗಿ, ದಾದಿಯರಾಗಿ, ಔಷಧ ಬೆರೆಸುವವರಾಗಿ ತರಬೇತುಗೊಳಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಭಾರತದಲ್ಲಿ ಆಗಬೇಕೆಂಬುದು ಅವರ ಹಂಬಲವಾಗಿತ್ತು.

ಕನ್ನಡನಾಡಿಗೂ ಅವರಿಗೂ ಇರುವ ನಂಟನ್ನು ನಮ್ಮಲ್ಲಿ ಅರಿತವರು ಕಡಿಮೆ. ಅರ್ಬುದರೋಗದಿಂದ ಬಳಲಿ ಅವರು ಪ್ರಾಣಬಿಟ್ಟದ್ದು ಬೆಂಗಳೂರಿನಲ್ಲಿ, 1957ರ ಮೇ 5ರಂದು. ಆರು ವರ್ಷಗಳ ತರುವಾಯ, 1963ರಲ್ಲಿ, ಅದೇ ನಗರದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.